ಕೆಂಪು ವಯರು

ಜೂನ್ 4

ನನ್ನ ಹೂಂಮರಿಗೆ ಅಮ್ಮನ ಆಶೀರ್ವಾದ.

ಫೋನ್ ಮಾಡಿದರೆ ನೀನು ಹೂಂ ಅಂತೀಯ, ಇಲ್ಲದಿದ್ದರೆ ಹೂಂಹೂಂ ಅಂತೀಯ. ಮೊನ್ನೆ ಎಂಟು ನಿಮಿಷ ಮಾತಾಡಿ ಇಟ್ಟ ಮೇಲೆ ನಿನ್ನ ಚಿಕ್ಕಮ್ಮ "ಏನಂದಳು?" ಅಂತ ಕೇಳಿದಳು. ಹದಿನಾಲ್ಕು ಹೂಂ ಅಂದಳು ಅಂದೆ. ಅದಕ್ಕೇ ಇನ್ನು ಮೇಲೆ ಕಾಗದ. ನೀನು ಬಾಯಿಗಿಂತ ಕೈಯಲ್ಲಿ ಚೆನ್ನಾಗಿ ಮಾತಾಡ್ತೀಯ. ನನಗೆ ನಿನ್ನ ಹಾಗೆ ಬರೆಯೋಕೆ ಬರಲ್ಲ, ಮಾತಾಡಿದ ಹಾಗೇ ಬರೀತೀನಿ. ತಪ್ಪು ತಿದ್ದಿ ವಾಪಸ್ ಕಳಿಸಬೇಡ.

ನಮ್ಮ ಮನೆಯ ಮೂರು ಮಹಡಿ ಹತ್ತೋ ಶಕ್ತಿ ಬರೋವರೆಗೂ ಚಿಕ್ಕಮ್ಮನ ಮನೇಲೇ ಇರಿ ಅಂದಿದ್ದಾರೆ ಡಾಕ್ಟರು. ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿದೋಳಿಗೆ ರಸ್ತೇಲಿ ಏನೂ ಆಗಲಿಲ್ಲ. ಪ್ಯಾಸೆಂಜರ್‌ನ ಸೂಟ್‌ಕೇಸ್ ಹಿಡಿದು ಇಳಿಯೋವಾಗ ಒಂದು ಮೆಟ್ಟಿಲು ತಪ್ಪಿತು, ತೊಡೆಮೂಳೆ ಮುರೀತು. ಕಾಲಿನ ವಿಷಯ ಇಷ್ಟೇ. ಇನ್ನು ಕೇಳಬೇಡ.

ಈಗ ಮುಖ್ಯ ವಿಷಯ. ನಿನ್ನೆ ನಿನ್ನ ಮಾವ ಬಂದಿದ್ದ. ಸೇಬು ತಂದಿದ್ದ, ಜೊತೆಗೆ ಗಾಡಿ ಮಾರೋ ಮಾತೂ ತಂದಿದ್ದ. "ನೀನು ಇನ್ನು ಸ್ಟೇರಿಂಗ್ ಹಿಡಿಯೋದು ಅಷ್ಟರಲ್ಲೇ ಇದೆ ಅಕ್ಕ. ತಿಂಗಳುಗಟ್ಟಲೆ ನಿಂತ ಗಾಡಿ ಏಳಲ್ಲ, ಬ್ಯಾಟರಿ ಸಾಯುತ್ತೆ, ಆಮೇಲೆ ಯಾರೂ ಮೂಸಿ ನೋಡಲ್ಲ" ಅಂದ. ಗಿರಾಕಿಯನ್ನೂ ನೋಡಿಟ್ಟಿದ್ದಾನೆ. ನನಗೆ ಎಲ್ಲಿತ್ತೋ ಸಿಟ್ಟು. ಸೆಪ್ಟೆಂಬರ್ ಒಂದನೇ ತಾರೀಕು ನಿನ್ನ ಗಿರಾಕಿನ ಕರ್ಕೊಂಡು ಮನೆಗೆ ಹೋಗು, ಒಂದೇ ಸೆಲ್ಫ್‌ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ತಗೊಂಡು ಹೋಗು, ಸ್ಟಾರ್ಟ್ ಆಯ್ತು ಅಂದರೆ ಮಾತ್ರ ಈ ಮಾತು ಇನ್ನೊಂದು ಸಲ ಎತ್ತಬಾರದು ಅಂದೆ. ಅವನು ಒಪ್ಪಿದ. ಚಿಕ್ಕಮ್ಮ ಸಾಕ್ಷಿ.

ನೀನು ಆಸಿಡ್ ಅಣ್ಣನ ಬ್ಯಾಟರಿ ಅಂಗಡಿಗೆ ಹೋಗು. ನಿಂತ ಗಾಡಿಯ ಬ್ಯಾಟರಿಗೆ ದಿನಗಟ್ಟಲೆ ಚೂರು ಚೂರೇ ಕರೆಂಟ್ ಕುಡಿಸೋ ಚಿಕ್ಕ ಚಾರ್ಜರ್ ಅವನ ಹತ್ತಿರ ಇದೆ. ಕೇಳಿದರೆ ಕೊಡ್ತಾನೆ. ಕೇಳಬೇಕು, ಅಷ್ಟೆ. ಪಾರ್ಕಿಂಗಲ್ಲಿ ಮೀಟರ್ ಬೋರ್ಡ್ ಪಕ್ಕ ಪ್ಲಗ್ ಇದೆ. ಕೆಂಪು ಕ್ಲಿಪ್ಪು ಕೆಂಪು ವಯರಿಗೆ, ಕಪ್ಪು ಕಪ್ಪಿಗೆ. ಬೇರೇನೂ ಇಲ್ಲ.

ಮಾವನ ಕೈಗೆ ಕೀ ಕೊಡಬೇಡ.

ಇಂತಿ,
ಅಮ್ಮ


ಜೂನ್ 10

ಪ್ರೀತಿಯ ಅಮ್ಮನಿಗೆ,

ಚಾರ್ಜರ್ ತಂದಿದ್ದೇನೆ. ಈ ಎರಡು ಪದದ ಹಿಂದೆ ಮೂರು ದಿನಗಳಿವೆ. ಮೊದಲ ದಿನ ಅಂಗಡಿಯ ಮುಂದೆ ಬೇರೆ ಕೆಲಸವಿದ್ದವಳಂತೆ ನಡೆದು ಹೋದೆ. ಎರಡನೆಯ ದಿನ ಎದುರಿನ ಚಪ್ಪಲಿ ಅಂಗಡಿಯಲ್ಲಿ ನನಗೆ ಬೇಡದ ಚಪ್ಪಲಿಯನ್ನು ತುಂಬ ಹೊತ್ತು ನೋಡಿದೆ. ಮೂರನೆಯ ದಿನ ಆಸಿಡ್ ಅಣ್ಣನೇ "ಡ್ರೈವರಮ್ಮನ ಮಗಳಲ್ವಾ, ಬಾ" ಎಂದು ಕರೆದ.

ಅವನು ಚಾರ್ಜರಿನ ವಿಷಯ ಹತ್ತು ನಿಮಿಷ ಹೇಳಿದ. ನಾನು ಹೂಂ ಎನ್ನುತ್ತಾ ಹೋದೆ. "ಅರ್ಥ ಆಯ್ತಾ?" ಎಂದ. ಅದಕ್ಕೂ ಹೂಂ ಎಂದೆ. ಸಿಗ್ನಲ್ ದಾಟುವ ಹೊತ್ತಿಗೆ ತಲೆಯಲ್ಲಿ ಉಳಿದಿದ್ದದ್ದು ಅವನ ಅಂಗಿಯಲ್ಲಿ ಆಸಿಡ್ ತಿಂದ ತೂತುಗಳು ಮಾತ್ರ. ಜೇಬಿನ ಮೇಲೆ ಹದಿನೇಳು ಇವೆ. ಎಣಿಸುವ ಭರದಲ್ಲಿ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ.

ಆದ್ದರಿಂದ ನಿನ್ನ ಕಾಗದವನ್ನೇ ಹಿಡಿದುಕೊಂಡು ಪಾರ್ಕಿಂಗಿಗೆ ಇಳಿದೆ. ಬಾನೆಟ್ ಎತ್ತುವ ಹಿಡಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು. ಇಷ್ಟು ವರ್ಷ ಅದೇ ಗಾಡಿಯಲ್ಲಿ ಕೂತು ಓಡಾಡಿದ್ದೇನೆ, ಅದರ ಒಳಗನ್ನು ನೋಡಿದ್ದು ಇದೇ ಮೊದಲು. ನೀನು ಎಂದೂ ಮುಟ್ಟಗೊಡಲಿಲ್ಲ. ನಾನೂ ಎಂದೂ ಕೇಳಲಿಲ್ಲ.

ಕೆಂಪು ಕ್ಲಿಪ್ಪನ್ನು ಬಾಯಿ ತೆರೆದು ಕೆಂಪು ವಯರಿನ ಹತ್ತಿರಕ್ಕೆ ಒಯ್ದೆ. ಅಲ್ಲಿಗೆ ಕೈ ನಿಂತಿತು. ಓದುವಾಗ ಒಂದು ಪದ ಯಾಕೋ ಸರಿಯಿಲ್ಲ ಅನ್ನಿಸಿದರೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದುವುದು ನನ್ನ ಅಭ್ಯಾಸ, ಅದಕ್ಕೇ ನನ್ನ ಓದು ನಿಧಾನ. ಹಾಗೆಯೇ ಕ್ಲಿಪ್ಪನ್ನು ಕೆಳಗಿಟ್ಟು ಬ್ಯಾಟರಿಯ ಮೇಲಿನ ಧೂಳು ಒರೆಸಿದೆ. ಕೆಂಪು ವಯರು ಕೂತಿರುವ ಕಡೆ ಮೈನಸ್ ಗುರುತಿದೆ. ಅದರ ಇನ್ನೊಂದು ತುದಿಯನ್ನು ಗಾಡಿಯ ಮೈಗೇ ಬೋಲ್ಟು ಹಾಕಿ ಬಿಗಿದಿದ್ದಾರೆ. ಪ್ಲಸ್ ಗುರುತಿನ ಕಡೆ ಇರುವುದು ಕಪ್ಪು ಕೊಳವೆ ಹೊದಿಸಿದ ವಯರು. ಅದು ಎಂಜಿನ್ನಿನ ಕೆಳಗೆಲ್ಲೋ ಇಳಿದು ಹೋಗುತ್ತದೆ.

ನೀನು ಬರೆದಂತೆ ಮಾಡಿದರೆ ಚಾರ್ಜರಿನ ಪ್ಲಸ್ಸು ಬ್ಯಾಟರಿಯ ಮೈನಸ್ಸಿಗೆ ಹೋಗುತ್ತದೆ. ನನ್ನ ಕಣ್ಣು ತಪ್ಪೋ, ನಿನ್ನ ಕಾಗದ ತಪ್ಪೋ ತಿಳಿಯದು. ಯಾವುದನ್ನೂ ಮುಟ್ಟದೆ ಬಾನೆಟ್ ಮುಚ್ಚಿ ಬಂದಿದ್ದೇನೆ. ಬೇಗ ಬರೆ.

ನಿನ್ನ
ಮಗಳು


ಜೂನ್ 24

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಬರಲಿಲ್ಲ. ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಚಿಕ್ಕಮ್ಮ ಎತ್ತಿ, ಅಮ್ಮ ಮಲಗಿದ್ದಾಳೆ ಎಂದರು. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ, ಬೆಳಗ್ಗೆ ಹತ್ತಕ್ಕೆ. ನೀನು ಹಗಲು ಮಲಗಿದ್ದನ್ನು ನಾನು ನೋಡಿಲ್ಲ. ಚಿಕ್ಕಮ್ಮನಿಗೆ ಹೂಂ ಎಂದೆ.

ಇವತ್ತು ಗಾಡಿಯ ಬಾಗಿಲು ತೆಗೆದಾಗ ಒಳಗಿನ ದೀಪ ಮಂಕಾಗಿತ್ತು. ಕಳೆದ ವಾರ ಅದರ ಬೆಳಕಿನಲ್ಲಿ ನಿನ್ನ ಡ್ಯಾಶ್‌ಬೋರ್ಡಿನ ಚೀಟಿಗಳನ್ನು ಓದಬಹುದಿತ್ತು. ಇವತ್ತು ಓದಲಾಗಲಿಲ್ಲ. ಇನ್ನು ನಿನ್ನ ಉತ್ತರಕ್ಕೆ ಕಾಯುತ್ತಾ ಕೂತರೆ ಮಾವ ಹೇಳಿದ್ದೇ ಆಗುತ್ತದೆ.

ನಾಳೆ ಮತ್ತೆ ಅಂಗಡಿಗೆ ಹೋಗುತ್ತೇನೆ. ನಡೆದು ಹೋಗಿ ಚಪ್ಪಲಿ ನೋಡುವುದಿಲ್ಲ.

ನಿನ್ನ
ಮಗಳು


ಜೂನ್ 27

ಪ್ರೀತಿಯ ಅಮ್ಮನಿಗೆ,

ನೀನು ಎದ್ದಿರುವೆಯೋ ಮಲಗಿರುವೆಯೋ, ಇದನ್ನು ಯಾರಾದರೂ ನಿನಗೆ ಓದಿ ಹೇಳಲಿ.

ಅಂಗಡಿಗೆ ಹೋದೆ. ಇಬ್ಬರು ಲಾರಿ ಡ್ರೈವರುಗಳು ನಿಂತಿದ್ದರು. ಅವರ ಎದುರಿಗೇ ಹೇಳಿದೆ. "ಅಣ್ಣಾ, ಅವತ್ತು ನೀವು ಹೇಳಿದ್ದು ನನಗೆ ಒಂದೂ ತಲೆಗೆ ಹೋಗಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

"ಗೊತ್ತಿತ್ತಮ್ಮ," ಎಂದ ಆಸಿಡ್ ಅಣ್ಣ. "ಅರ್ಥ ಆದೋರು ಒಂದಾದ್ರೂ ಪ್ರಶ್ನೆ ಕೇಳ್ತಾರೆ. ನೀನು ಬರೀ ತಲೆ ಆಡಿಸ್ತಿದ್ದೆ."

ಆಗ ಕೆಂಪು ವಯರಿನ ಪ್ರಶ್ನೆ ಕೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಅದು ಮೈನಸ್ಸಿನಲ್ಲಿದೆ ಎಂದು ಯಾರು ಹೇಳಿದರು ಎಂದು ಕೇಳಿದ. ಯಾರೂ ಹೇಳಲಿಲ್ಲ, ನೋಡಿದೆ ಎಂದೆ. ಅವನು ಲಾರಿ ಡ್ರೈವರುಗಳ ಕಡೆ ತಿರುಗಿ, "ನೋಡ್ರಪ್ಪ, ಇದಕ್ಕೆ ಓದು ಅನ್ನೋದು. ನೀವಾಗಿದ್ರೆ ಬಣ್ಣ ನೋಡಿ ಹಾಕಿ ಇಷ್ಟು ಹೊತ್ತಿಗೆ ಹುಬ್ಬು ಸುಟ್ಟುಕೊಂಡಿರ್ತಿದ್ರಿ" ಎಂದ. ಆ ವಯರಿಗೆ ಕರಿ ಟೇಪು ಸುತ್ತು ಎಂದು ನಿನಗೆ ವರ್ಷ ವರ್ಷವೂ ಹೇಳುತ್ತಾ ಬಂದಿದ್ದಾನಂತೆ. ತಿರುವುಮುರುವಾಗಿ ಹಾಕಿದ್ದರೆ ಕಿಡಿ ಹಾರಿ ಚಾರ್ಜರ್ ಸುಡುತ್ತಿತ್ತಂತೆ, ಬ್ಯಾಟರಿ ನನ್ನ ಮುಖಕ್ಕೇ ಒಡೆದರೂ ಒಡೆಯುತ್ತಿತ್ತಂತೆ. ಅವನ ಚಾರ್ಜರ್ ಹಳೆಯದು, ತಪ್ಪು ಹಾಕಿದರೆ ತಾನೇ ನಿಲ್ಲುವ ಬುದ್ಧಿ ಅದಕ್ಕಿಲ್ಲವಂತೆ. ತಾನೇ ಬಂದು ಹಾಕಿಕೊಡುತ್ತೇನೆ ಎಂದ. ಬೇಡ ಎಂದೆ, ಅಮ್ಮ. ಹಾಗೆ ಹೇಳಿದ್ದು ನಾನೇ ಎಂದು ನಂಬಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

ಈ ಸಲ ಪ್ರತಿಯೊಂದನ್ನೂ ಬರೆದುಕೊಂಡು ಬಂದೆ. ಕೀ ಗಾಡಿಯಲ್ಲಿರಲಿಲ್ಲ, ನನ್ನ ಜೇಬಿನಲ್ಲಿತ್ತು. ಬಳೆ ತೆಗೆದಿಟ್ಟೆ. ಬ್ಯಾಟರಿಯ ಮುಚ್ಚಳ ತೆಗೆದು ಎಲ್ಲಾ ಗುಂಡಿಯಲ್ಲೂ ನೀರು ಇದೆಯೇ ಎಂದು ನೋಡಿದೆ. ಎರಡರಲ್ಲಿ ತಗ್ಗಿತ್ತು, ಅಣ್ಣ ಕೊಟ್ಟ ಡಿಸ್ಟಿಲ್ಡ್ ವಾಟರ್ ಗೆರೆಯವರೆಗೆ ಹಾಕಿದೆ. ಚಾರ್ಜರನ್ನು ಬ್ಯಾಟರಿಯ ಮೇಲಿಡದೆ ಪಕ್ಕದಲ್ಲಿ ನಿನ್ನ ಮರದ ಸ್ಟೂಲಿನ ಮೇಲಿಟ್ಟೆ. ಗೋಡೆಯ ಸ್ವಿಚ್ ಆರಿದೆಯೆಂದು ಎರಡು ಸಲ ಹೋಗಿ ನೋಡಿ ಬಂದೆ. ಆಮೇಲೆ ಕೆಂಪು ಕ್ಲಿಪ್ಪನ್ನು ಪ್ಲಸ್ ಗುರುತಿಗೆ, ಅಂದರೆ ಕಪ್ಪು ಕೊಳವೆಯ ವಯರು ಇರುವ ಕಡೆಗೆ ಕಚ್ಚಿಸಿದೆ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಗೆ ಹಾಕಲಿಲ್ಲ. ಚಾರ್ಜ್ ಆಗುವ ಬ್ಯಾಟರಿ ಒಂದು ಬಗೆಯ ಗ್ಯಾಸು ಬಿಡುತ್ತದಂತೆ, ಅದರ ಹತ್ತಿರ ಒಂದು ಕಿಡಿಯೂ ಏಳಬಾರದಂತೆ. ಅದಕ್ಕೆ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಒಂದು ಬೋಲ್ಟಿಗೆ ಹಾಕಿದೆ. ಎಲ್ಲಕ್ಕಿಂತ ಕೊನೆಗೆ ಗೋಡೆಯ ಸ್ವಿಚ್. ಕಣ್ಣು ಮುಚ್ಚಿಕೊಂಡು ಒತ್ತಿದೆ, ಅದನ್ನು ಮಾತ್ರ ಅಣ್ಣನಿಗೆ ಹೇಳಬೇಡ.

ಕಿತ್ತಳೆ ದೀಪ ಹತ್ತಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹಸಿರಾಗಿತ್ತು. ಎಂ.ಎ. ಫಲಿತಾಂಶ ಬಂದಾಗಲೂ ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿರಲಿಲ್ಲ.

ನಿನ್ನ
ಮಗಳು


ಜುಲೈ 11

ನನ್ನ ಹೂಂಮರಿಗೆ,

ನಿನ್ನ ಮೂರೂ ಕಾಗದ ಬಂದವು. ಇಲ್ಲಿ ಸ್ವಲ್ಪ ಓಡಾಟ ಇತ್ತು, ಅದಕ್ಕೇ ಬರೆಯೋಕೆ ಆಗಲಿಲ್ಲ. ಊಟ ಸರಿಯಾಗಿ ಆಗ್ತಿದೆ. ನೀನು ಗಾಬರಿ ಮಾಡ್ಕೋಬೇಡ.

ಚಾರ್ಜರ್ ಕಾಗದವನ್ನ ನಾಲ್ಕು ಸಲ ಓದಿದೆ. ಚಿಕ್ಕಮ್ಮನಿಗೆ ಎರಡು ಸಲ ಓದಿಸಿದೆ. ಕಾಲು ತಿಕ್ಕಿ ವ್ಯಾಯಾಮ ಮಾಡ್ಸೋಕೆ ಒಬ್ಬ ಬರ್ತಾನೆ, ಅವನಿಗೂ ಓದಿ ಹೇಳಿದೆ. ಅವನಿಗೆ ಕಾರೇ ಇಲ್ಲ ಪಾಪ, ಆದರೂ ಕೇಳಿದ.

ತಪ್ಪು ನನ್ನ ಕಾಗದದ್ದೇ. ನಿನಗೆ ಹೇಳದೆ ಇಟ್ಟಿದ್ದು ಒಂದಿದೆ. ಅದನ್ನ ಈಗ ಹೇಳಿಬಿಡ್ತೀನಿ.

ನೀನು ಮೂರನೇ ಕ್ಲಾಸಲ್ಲಿದ್ದಾಗ ಸ್ಕೂಲಲ್ಲಿ ಪದ್ಯ ಹೇಳೋ ಕಾರ್ಯಕ್ರಮ ಇತ್ತು, ನೆನಪಿದೆಯಾ? ಹದಿನೈದು ದಿನ ಮನೆಯೆಲ್ಲಾ ನಿನ್ನ ಪದ್ಯ. ಗಾಡೀಲಿ ಬರೋ ಪ್ಯಾಸೆಂಜರ್‌ಗಳಿಗೂ ಹೇಳಿ ತೋರಿಸ್ತಿದ್ದೆ. ಅವತ್ತು ನಾನು ಬರೋ ದಾರೀಲಿ ಗಾಡಿ ನಿಂತುಬಿಡ್ತು. ಬ್ಯಾಟರಿಯಿಂದ ಗಾಡಿ ಮೈಗೆ ಹೋಗೋ ವಯರು ಹರಿದು ಹೋಗಿತ್ತು. ಹತ್ತಿರದ ಅಂಗಡೀಲಿ ಕರಿ ವಯರು ಇರಲಿಲ್ಲ. ಕೆಂಪು ಕೊಡಿ ಅಂದೆ, ರಸ್ತೇಲೇ ಕೂತು ಹಾಕಿದೆ. ನಾಳೆ ಬದಲಾಯಿಸಿದರಾಯ್ತು ಅಂದುಕೊಂಡೆ. ಸ್ಕೂಲಿಗೆ ಬರೋ ಹೊತ್ತಿಗೆ ನೀನು ಸ್ಟೇಜಿನ ಮೇಲೆ ಸುಮ್ಮನೆ ನಿಂತಿದ್ದೆ. ನಿನ್ನ ಕಣ್ಣು ಬಾಗಿಲ ಕಡೆಗಿತ್ತು. ಟೀಚರ್ ಕೈ ಹಿಡಿದು ಇಳಿಸಿಕೊಂಡು ಹೋದರು.

ಆವತ್ತಿಂದ ನೀನು ಜನರ ಮುಂದೆ ಬಾಯಿ ಬಿಡಲಿಲ್ಲ. ನಾನು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನನ್ನ ಮಗಳು ಹೀಗಾಗ್ತಿರಲಿಲ್ಲ ಅಂತ ಎಷ್ಟು ಸಲ ಅಂದುಕೊಂಡಿದ್ದೀನೋ. ಆ ವಯರು ನೋಡಿದಾಗೆಲ್ಲ ಅದೇ ನೆನಪಾಗೋದು. ಅದಕ್ಕೇ ಬಾನೆಟ್ ಎತ್ತಿದರೂ ಆ ಕಡೆ ನೋಡ್ತಿರಲಿಲ್ಲ, ಟೇಪೂ ಸುತ್ತಲಿಲ್ಲ. ನೋಡದೆ ನೋಡದೆ ಅದು ಯಾವ ಕಡೆ ಇದೆ ಅನ್ನೋದೇ ಮರೆತು ನಿನಗೆ ಹಾಗೆ ಬರೆದೆ. ನೀನೂ ನನ್ನ ಹಾಗೆ ನೋಡದೆ ಕೈ ಹಾಕಿದ್ದರೆ ಏನಾಗ್ತಿತ್ತು ಅಂತ ನೆನೆಸಿಕೊಂಡು ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಟೇಪು ನೀನೇ ಸುತ್ತು.

ಇಂತಿ,
ಅಮ್ಮ


ಜುಲೈ 18

ಪ್ರೀತಿಯ ಅಮ್ಮನಿಗೆ,

ಕಾಲು ಮುರಿದವಳಿಗೆ ಅದೇನು ಓಡಾಟವಿತ್ತು ಎಂದು ನಾನು ಕೇಳುವುದಿಲ್ಲ. ಕಾಗದದ ಮೊದಲ ನಾಲ್ಕು ಸಾಲು ಚಿಕ್ಕಮ್ಮನ ಅಕ್ಷರದಲ್ಲಿವೆ ಎಂಬುದನ್ನೂ ನಾನು ಗಮನಿಸಿಲ್ಲ.

ಆದರೆ ಆ ದಿನದ್ದನ್ನು ಹೇಳಲೇಬೇಕು. ನೀನು ಅರ್ಧ ಮಾತ್ರ ನೋಡಿದ್ದೀಯ. ನೀನು ಬಾಗಿಲಿಗೆ ಬರುವ ಮೊದಲೇ ನನಗೆ ಮೂರನೆಯ ಸಾಲು ಮರೆತುಹೋಗಿತ್ತು. ಎದುರಿಗೆ ಅಷ್ಟೊಂದು ಮುಖ ಕಂಡು ಮರೆಯಿತು. ನೀನು ಮೊದಲ ಸಾಲಿನಲ್ಲಿ ಕೂತಿದ್ದರೂ ಮರೆಯುತ್ತಿತ್ತು. ನಾನು ಇರುವುದೇ ಹೀಗೆ, ಅದನ್ನು ನಿನ್ನ ವಯರು ಮಾಡಲಿಲ್ಲ.

ಆಮೇಲೆ ನೀನು ಬಂದೆ. ಮೊಣಕೈವರೆಗೂ ಕಪ್ಪು ಗ್ರೀಸು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡ ತಂದೆತಾಯಿಯರೆಲ್ಲ ನಿನಗೆ ತಾಗದಂತೆ ಸರಿದು ದಾರಿ ಬಿಟ್ಟರು. ಪಕ್ಕದಲ್ಲಿದ್ದ ಹುಡುಗಿ "ಅವರು ಯಾರು?" ಎಂದಳು. "ನಮ್ಮಮ್ಮ. ಗಾಡಿ ರಿಪೇರಿ ಮಾಡಿ ಬಂದಿದಾಳೆ" ಎಂದೆ. ಆ ದಿನ ನಾನು ಜನರೆದುರು ಗಟ್ಟಿಯಾಗಿ ಹೇಳಿದ ಮಾತು ಅದೊಂದೇ. ಪದ್ಯ ಮರೆತ ನಾಚಿಕೆಯೂ ಆಗ ನೆನಪಿರಲಿಲ್ಲ, ಅಷ್ಟು ಹೆಮ್ಮೆಯಾಗಿತ್ತು. ನಿನಗೆ ಇದು ಗೊತ್ತಿದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಟೇಪು ಸುತ್ತಿದ್ದೇನೆ. ತುದಿಯಲ್ಲಿ ಒಂದು ಬೆರಳಿನಷ್ಟು ಕೆಂಪನ್ನು ಹಾಗೆಯೇ ಬಿಟ್ಟಿದ್ದೇನೆ. ಆಸಿಡ್ ಅಣ್ಣ ಬೈದರೆ ನಾನು ನೋಡಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಯಾರೋ ಸ್ಕೂಟರ್ ಒರೆಸುವಾಗ ನಮ್ಮ ಸ್ವಿಚ್ ಆರಿಸಿ ಹೋಗಿದ್ದರು. ಅದಕ್ಕೆ ಒಂದು ಕಾಗದದಲ್ಲಿ, "ದಯವಿಟ್ಟು ಈ ಸ್ವಿಚ್ ಆರಿಸಬೇಡಿ. ಇದನ್ನು ನಂಬಿ ಒಂದು ಜೀವ ಉಸಿರಾಡುತ್ತಿದೆ" ಎಂದು ಬರೆದು ಅಂಟಿಸಿದೆ. ಸಂಜೆ ನೆಲಮಹಡಿಯ ಅಜ್ಜಿ ಮೂರು ಮಹಡಿ ಏದುಸಿರು ಬಿಡುತ್ತಾ ಹತ್ತಿ ಬಂದು, "ಅಮ್ಮನ್ನ ಕರ್ಕೊಂಡು ಬಂದು ಮಷಿನ್ ಹಾಕಿದೀಯೇನಮ್ಮಾ, ಒಂದು ಮಾತು ಹೇಳಬಾರದಾ?" ಎಂದು ಅಳಲು ಶುರು ಮಾಡಿದರು. ಈಗ "ಕಾರಿನ ಬ್ಯಾಟರಿ. ಆರಿಸಬೇಡಿ" ಎಂದು ಬದಲಾಯಿಸಿದ್ದೇನೆ.

ನಿನ್ನ
ಮಗಳು


ಆಗಸ್ಟ್ 2

ನನ್ನ ಮಗಳಿಗೆ,

ನಿನ್ನ ಕಾಗದಕ್ಕೆ ಏನು ಬರೀಬೇಕೋ ಗೊತ್ತಾಗದೆ ಎರಡು ವಾರ ಆಯ್ತು. ಬರೆಯೋಕೆ ಕೂತರೆ ಕಣ್ಣು ಮಂಜಾಗುತ್ತೆ, ಚಿಕ್ಕಮ್ಮ ಕನ್ನಡಕ ಬದಲಾಯಿಸು ಅಂತಾಳೆ.

ನಿನ್ನ ಬೋರ್ಡಿನ ಕಥೆ ಓದಿ ನಕ್ಕಿದ್ದಕ್ಕೆ ವ್ಯಾಯಾಮ ಮಾಡ್ಸೋನು, ದಿನಾ ಹೀಗೆ ನಕ್ಕರೆ ಬೇಗ ನಡೀತೀರ ಅಂದ. ಅಷ್ಟು ಓದಿದ್ದು ಅಜ್ಜಿನ ಅಳಿಸೋಕಾ?

ಬೀರುವಿನ ಮೇಲಿನ ಡ್ರಾಯರಲ್ಲಿ ನೀಲಿ ಕವರು ಇದೆ. ಅದರಲ್ಲಿ ಒಂದು ಅರ್ಜಿ ಇದೆ, ಹೋದ ವರ್ಷವೇ ನಿನ್ನ ಹೆಸರಲ್ಲಿ ತುಂಬಿಸಿಟ್ಟಿದ್ದೆ. ಕೊಡೋ ಧೈರ್ಯ ಆಗಿರಲಿಲ್ಲ. ಸಹಿ ಹಾಕಿ, ಎಲ್ಲಿ ಕೊಡಬೇಕು ಅಂತ ಅದರ ಮೇಲೇ ಇದೆ, ಅಲ್ಲಿಗೆ ಹೋಗಿ ಕೊಟ್ಟು ಬಾ. ಅವರು ಕೇಳೋ ಪ್ರಶ್ನೆಗೆಲ್ಲಾ ಹೂಂ ಅನ್ನಬೇಡ, ಫೇಲ್ ಮಾಡ್ತಾರೆ.

ಇಂತಿ,
ಅಮ್ಮ


ಸೆಪ್ಟೆಂಬರ್ 1

ಪ್ರೀತಿಯ ಅಮ್ಮನಿಗೆ,

ಪಾರ್ಕಿಂಗಿನಿಂದ ಓಡಿ ಬಂದು ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ.

ಮಾವ ಬೆಳಗ್ಗೆ ಹತ್ತಕ್ಕೆ ಬಂದರು. ಜೊತೆಗೆ ಗಿರಾಕಿ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು ಟೈರನ್ನು ಒದ್ದು ನೋಡಿದ. ನನಗೆ ನಿನ್ನ ಕಾಲನ್ನೇ ಒದ್ದಂತಾಯಿತು. ನೆಲಮಹಡಿಯ ಅಜ್ಜಿ ಕುರ್ಚಿ ತಂದು ಬಾಗಿಲಲ್ಲೇ ಹಾಕಿಕೊಂಡು ಕೂತಿದ್ದರು, ಅವರಿಗೆ ತಾರೀಕು ನನಗಿಂತ ಚೆನ್ನಾಗಿ ನೆನಪಿತ್ತು.

ಮಾವ ಕೈ ಚಾಚಿ, "ಕೀ ಕೊಡು ಪುಟ್ಟಾ, ನೋಡಿಬಿಡೋಣ" ಎಂದರು.

"ನಾನೇ ಸೆಲ್ಫ್ ಹೊಡೀತೀನಿ ಮಾವ."

ನಿನಗೇನು ಗೊತ್ತು, ಗಾಡಿ ಮುಂದಕ್ಕೆ ಹೋಗಿ ಕಂಬಕ್ಕೆ ಗುದ್ದೀತು ಎಂದರು. ನಾನು ಕೆಲಸ ಶುರು ಮಾಡಿದೆ. ಮೊದಲು ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಆಮೇಲೆ ಬೋಲ್ಟಿನಿಂದ ಕಪ್ಪು ಕ್ಲಿಪ್ಪು, ಅದಾದ ಮೇಲೆ ಪ್ಲಸ್ಸಿನಿಂದ ಕೆಂಪು. ಹಾಕಿದ್ದಕ್ಕೆ ಸರಿಯಾಗಿ ಹಿಂದುಮುಂದು. ವಯರು ಸುತ್ತಿ ಸ್ಟೂಲಿನ ಮೇಲಿಟ್ಟು ಬಾನೆಟ್ ಮುಚ್ಚಿದೆ.

ನಿನ್ನ ಸೀಟಿನಲ್ಲಿ ಕೂತೆ. ಅದನ್ನು ಹಿಂದೆ ಮುಂದೆ ಸರಿಸಲಿಲ್ಲ, ನಿನ್ನ ಅಳತೆಯಲ್ಲೇ ಇದೆ. ಹ್ಯಾಂಡ್‌ಬ್ರೇಕ್ ಎಳೆದಿದೆ, ಗೇರು ನ್ಯೂಟ್ರಲ್ಲಿನಲ್ಲಿದೆ ಎಂದು ನೋಡಿಕೊಂಡು ಕೀ ತಿರುಗಿಸಿದೆ.

ಒಂದೇ ಸೆಲ್ಫ್, ಅಮ್ಮ. ಒಂದು ಕೂಡ ಪೂರ್ತಿ ಆಗಲಿಲ್ಲ. ನೀನು ಬೆಳಗ್ಗೆ ಸ್ಟ್ಯಾಂಡಿಗೆ ಹೊರಡುವಾಗ ನಾನು ಹಾಸಿಗೆಯಲ್ಲೇ ಕೇಳುತ್ತಿದ್ದ ಅದೇ ಸದ್ದು.

ಮಾವ ಬಾಗಿ ಕಿಟಕಿಯಲ್ಲಿ ತಲೆ ಹಾಕಿ, "ಹೊಸ ಬ್ಯಾಟರಿ ಹಾಕ್ಸಿದೀಯಾ?" ಎಂದರು.

"ಇಲ್ಲ ಮಾವ. ಹಳೇದೇ. ಅಮ್ಮಂದೇ."

ಗಿರಾಕಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿ, ಇಂಥ ಗಾಡಿಯನ್ನು ಯಾಕೆ ಮಾರುತ್ತೀರಿ ಎಂದು ಮಾವನನ್ನೇ ಕೇಳಿದ. ಉತ್ತರ ಕೊಟ್ಟಿದ್ದು ನಾನು. ಇದು ಮಾರೋ ಗಾಡಿ ಅಲ್ಲ, ನಿಮಗೆ ತೊಂದರೆ ಕೊಟ್ಟೆವು, ಕಾಫಿ ಕುಡಿದು ಹೋಗಿ ಎಂದೆ. ಹೂಂ ಅಲ್ಲ, ಇಷ್ಟೂ ಮಾತು.

ಕುರ್ಚಿಯಲ್ಲಿದ್ದ ಅಜ್ಜಿ ಕೈ ಮುಗಿದು, "ಜೀವ ಇದೆ ಕಣಮ್ಮಾ" ಎಂದರು.

ಹೋಗುವಾಗ ಮಾವ ನನ್ನ ತಲೆ ಮುಟ್ಟಿ, ನಿಮ್ಮಮ್ಮನಿಗೆ ಹೇಳು ನಾನು ಸೋತೆ ಅಂತ ಎಂದರು. ಅವರಿಗೆ ಸೋತ ಬೇಸರಕ್ಕಿಂತ ಸಂತೋಷವೇ ಹೆಚ್ಚಾಗಿದ್ದಂತೆ ನನಗೆ ಕಂಡಿತು.

ನೀಲಿ ಕವರಿನ ಕೆಲಸವೂ ಆಯಿತು. ಕಲಿಯುವವರ ಲೈಸೆನ್ಸು ಬಂದಿದೆ. ಅಲ್ಲಿದ್ದ ಅಧಿಕಾರಿ ಹನ್ನೆರಡು ಪ್ರಶ್ನೆ ಕೇಳಿದ. ಹನ್ನೆರಡಕ್ಕೂ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟೆ. ಸ್ವಲ್ಪ ಚಿಕ್ಕದಾಗಿ ಹೇಳಮ್ಮ ಎಂದ.

ನಿನ್ನ
ಮಗಳು


ಸೆಪ್ಟೆಂಬರ್ 9

ಡ್ರೈವರಮ್ಮನ ಮಗಳಿಗೆ,

ನಿನ್ನ ಕಾಗದ ಈ ಬೀದೀಲಿ ಕೇಳದೆ ಇರೋರು ಯಾರೂ ಉಳಿದಿಲ್ಲ. ಕಾಗದ ಮಡಿಕೆ ಬಿದ್ದ ಕಡೆ ಹರೀತು, ಚಿಕ್ಕಮ್ಮ ಟೇಪು ಹಾಕಿದಳು. ಬಿಳಿ ಟೇಪು.

ಈಗ ನನ್ನ ಸರದಿ. ಜೂನಲ್ಲಿ ಓಡಾಟ ಅಂದೆನಲ್ಲ, ಅದು ಎರಡನೇ ಆಪರೇಷನ್. ಮೊದಲು ಹಾಕಿದ ರಾಡು ಸರಿಯಾಗಿ ಕೂತಿರಲಿಲ್ಲ. ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು. ಕೋಲು ಹಿಡಿದು ನಡೀತೀನಿ. ನಿನ್ನೆ ಚಿಕ್ಕಮ್ಮನ ಮನೆ ಟೆರೇಸಿನ ಮೆಟ್ಟಿಲು ಹತ್ತಿ ಇಳಿದೆ, ಎರಡು ಸಲ. ಆದರೆ ಎಡಗಾಲಲ್ಲಿ ಕ್ಲಚ್ ಒತ್ತೋ ಬಲ ಬರೋಕೆ ಇನ್ನೂ ಆರು ತಿಂಗಳು ಬೇಕಂತೆ. ಬಂದೇ ಬರುತ್ತೆ. ಡಾಕ್ಟರು ಬರಬಹುದು ಅಂದರು, ನಾನು ಬರುತ್ತೆ ಅಂತ ತಿದ್ದಿದೆ.

ಗುರುವಾರ ಮಧ್ಯಾಹ್ನ ನಾಲ್ಕರ ರೈಲಿಗೆ ಬರ್ತೀನಿ. ಆಸಿಡ್ ಅಣ್ಣನಿಗೆ ಹೇಳಿದ್ದೀನಿ, ಗಾಡೀನ ಅವನು ಸ್ಟೇಷನ್‌ವರೆಗೂ ತರ್ತಾನೆ, ಆಮೇಲೆ ಕೀ ನಿನ್ನ ಕೈಗೆ ಕೊಟ್ಟು ನಡಕೊಂಡು ಹೋಗ್ತಾನೆ. ಸ್ಟೇಷನ್ ಹಿಂದೆ ಗೋಡೌನ್ ರಸ್ತೆ ಇದೆಯಲ್ಲ, ಆ ಹೊತ್ತಲ್ಲಿ ಅಲ್ಲಿ ಒಂದು ನಾಯೀನೂ ಇರಲ್ಲ. ಅಲ್ಲಿಂದ ಶುರು. ನೀನು ಒತ್ತು, ನಾನು ಹೇಳ್ತೀನಿ. ಎಂಜಿನ್ ಆಫ್ ಆದರೆ ಆಗಲಿ. ನನ್ನ ಮೊದಲನೇ ದಿನ ಹನ್ನೊಂದು ಸಲ ಆಫ್ ಮಾಡಿದ್ದೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡ್ಕೊಳ್ಳಲಿ. ಮನೆ ತಲುಪೋಕೆ ಎಷ್ಟು ಹೊತ್ತಾದರೂ ಆಗಲಿ.

ಸೀಟನ್ನ ನಿನ್ನ ಅಳತೆಗೆ ಸರಿಸ್ಕೋ. ಮುಂದಿನ ಪಕ್ಕದ ಸೀಟಲ್ಲಿ ನನ್ನ ನೀರಿನ ಕ್ಯಾನು, ಬಟ್ಟೆ, ಹಳೇ ಛತ್ರಿ ಎಲ್ಲಾ ಬಿದ್ದಿರುತ್ತೆ, ತೆಗೆದು ಡಿಕ್ಕೀಲಿ ಹಾಕು. ಆ ಗಾಡೀಲಿ ನಾನು ಆ ಸೀಟಲ್ಲಿ ಒಂದು ಸಲವೂ ಕೂತಿಲ್ಲ. ಅಲ್ಲಿಂದ ರಸ್ತೆ ಹೇಗೆ ಕಾಣುತ್ತೆ ನೋಡಬೇಕು.

ಇಂತಿ,
ನಿನ್ನ ಮೊದಲನೇ ಪ್ಯಾಸೆಂಜರ್